ಮೊಳೆ ಕಿತ್ತು ಮತ್ತೆ ತೊಟ್ಟ ಬೂಟು

ಬೆಳಗಿನ ಬಾಂಗ್ ಮುಗಿದು ಸ್ವಲ್ಪ ಹೊತ್ತಾಗಿದೆ. ಕತಾರಿನ ಅಲ್ ವಕ್ರಾದ ಅಂಚಿನಲ್ಲಿರುವ ಈ ಮೈದಾನದ ಮೇಲೆ ಸಮುದ್ರದ ಕಡೆಯಿಂದ ಬಂದ ಫೆಬ್ರವರಿಯ ಮಂಜು ಇನ್ನೂ ಎದ್ದಿಲ್ಲ. ಆಚೆಯ ಗೋಲುಕಂಬ ಕಾಣುವುದಿಲ್ಲ, ಆದರೆ ಅಲ್ಲಿಂದ ಚೆಂಡು ಒದೆಯುವ ಸದ್ದು ಕೇಳುತ್ತಿದೆ. ಒಂದು ಒದೆತ, ಒಂದು ಬೈಗುಳ. ಮತ್ತೊಂದು ಒದೆತ, ಮತ್ತೊಂದು ಬೈಗುಳ. ಬೈಗುಳವೆಲ್ಲ ರಷ್ಯನ್ ಭಾಷೆಯಲ್ಲಿ. ಅರ್ಥವೇನೆಂದು ಕೇಳಿದರೆ ಪಕ್ಕದಲ್ಲಿ ಚೆಂಡಿನ ಚೀಲ ಹಿಡಿದು ನಿಂತ ಚನಿಯ ಅವರು "ಅದೆಲ್ಲ ಪೇಪರ್‌ಗೆ ಹಾಕ್ಲಿಕ್ಕೆ ಆಗುವಂಥದ್ದಲ್ಲ ಮಾರಾಯ್ರೆ" ಎಂದು ನಗುತ್ತಾರೆ.

ಮಂಜಿನೊಳಗಿಂದ ಹೊರಬಂದವರು ಆರಡಿಗೂ ಮೀರಿದ ಆಳು. ತಲೆ ಬೋಳು. ಮೂಗು ಎರಡು ಸಲ ಮುರಿದು, ಎರಡು ಸಲವೂ ಬೇರೆ ಬೇರೆ ಕಡೆಗೆ ತಿರುಗಿ ಕೂಡಿಕೊಂಡಿದೆ. ಹೆಸರು ಅರ್ಕಾದಿ ಪೆಸ್ತೊವ್, ವಯಸ್ಸು ಮೂವತ್ತಾರು, ಕಸುಬು ಫುಟ್‌ಬಾಲ್. ಊರು ರಷ್ಯಾದ ಉರಾಲ್ ಬೆಟ್ಟಗಳ ಮಗ್ಗುಲಿನ ಒಂದು ಕಾರ್ಖಾನೆ ಪಟ್ಟಣ. ಕಾಲಿನಲ್ಲಿ ಹಳೆಯ ಚರ್ಮದ ಬೂಟು. ಆ ಬೂಟಿನ ಮೇಲೆ ಅಲ್ಲಲ್ಲಿ ಚಕ್ಕೆ ಚಕ್ಕೆಯಾಗಿ ಚಿನ್ನದ ಬಣ್ಣ ಉಳಿದಿದೆ. ಆ ಬಣ್ಣ ಅಲ್ಲಿಗೆ ಬಂದದ್ದಕ್ಕೆ ನಮ್ಮ ಕರಾವಳಿಯವರೇ ಕಾರಣ. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಒಂದು ಮಾತು ಸ್ಪಷ್ಟವಾಗಲಿ. ಪೆಸ್ತೊವ್ ಈ ಹೊತ್ತು ಯಾವ ತಂಡದಲ್ಲೂ ಇಲ್ಲ. ನಾಲ್ಕು ವರ್ಷ ಆಡಿಸಿಕೊಂಡ ಇಲ್ಲಿನ ಎರಡನೇ ದರ್ಜೆಯ ಕ್ಲಬ್ಬು ಜನವರಿಯ ಕೊನೆಗೆ ಅವರನ್ನು ಕೈಬಿಟ್ಟಿದೆ. ಕ್ಲಬ್ಬಿನ ಹೆಸರು ಹಾಕಬೇಡಿ ಎಂದು ಮ್ಯಾನೇಜರ್ ಸಾಹೇಬರು ಕೇಳಿಕೊಂಡಿದ್ದಾರೆ, ಹಾಕುವುದಿಲ್ಲ. ವೀಸಾ ಮುಗಿಯಲು ಹೆಚ್ಚು ದಿನವಿಲ್ಲ. ಸೈಬೀರಿಯಾದ ಕಡೆಯ ಒಂದು ಸಣ್ಣ ತಂಡದಿಂದ ಫೋನ್ ಬರಬಹುದು ಎಂಬ ಒಂದೇ ಆಸೆ. ಬಂದರೆ ಇನ್ನೊಂದು ಹಂಗಾಮು ಆಟ. ಬರದಿದ್ದರೆ ಹತ್ತೊಂಬತ್ತು ವರ್ಷದ ಆಟ ಇಲ್ಲಿಗೇ ನಿಲ್ಲುತ್ತದೆ. ಬೆಳಿಗ್ಗೆ ಎದ್ದು ಖಾಲಿ ಮೈದಾನದಲ್ಲಿ ಅವರು ಬೆವರು ಸುರಿಸುತ್ತಿರುವುದು ಆ ಫೋನಿಗಾಗಿ.

"ಎಲ್ಲರಿಗೂ ನನ್ನನ್ನು ಮುಗಿಸುವ ಅವಸರ" ಎನ್ನುತ್ತಾರೆ ಅವರು, ಬಾಟಲಿಯ ನೀರನ್ನು ತಲೆಗೆ ಸುರಿದುಕೊಳ್ಳುತ್ತ. "ಮ್ಯಾನೇಜರ್ ಖಲಾಸ್ ಅಂತಾನೆ. ಡಾಕ್ಟರ್ ಖಲಾಸ್ ಅಂತಾನೆ. ಟ್ಯಾಕ್ಸಿ ಡ್ರೈವರ್ ಕೂಡ ಖಲಾಸ್ ಅಂತಾನೆ. ಖಲಾಸ್ ಆದವನು ಈ ಹೊತ್ತಿಗೆ ಎದ್ದು ಓಡ್ತಾನಾ?"

ಇಂಗ್ಲಿಷ್, ಅರಬಿ, ಹಿಂದಿ ಮೂರನ್ನೂ ಒಂದೇ ಪಾತ್ರೆಯಲ್ಲಿ ಕಲಸಿದ ಗಲ್ಫಿನ ಭಾಷೆ ಅವರದು. ನನಗೆ ತಿಳಿಯದ ಕಡೆ ಚನಿಯ ಅವರು ದಾಟಿಸುತ್ತಾರೆ. ಚನಿಯ ಕಾರ್ಕಳ ತಾಲೂಕಿನ ಬೆಳ್ಮಣ್ಣಿನವರು, ಕ್ಲಬ್ಬಿನ ಕಿಟ್‌ಮ್ಯಾನ್. ಆಟಗಾರರ ಅಂಗಿ ಒಗೆಯುವುದು, ಬೂಟು ತೊಳೆಯುವುದು, ಚೆಂಡಿಗೆ ಗಾಳಿ ತುಂಬುವುದು ಅವರ ಕೆಲಸ. ಚನಿಯ ಅವರ ಬಾಯಲ್ಲಿ ಪೆಸ್ತೊವ್ ಎಂದರೆ ಅರ್ಕಣ್ಣ. ಕ್ಲಬ್ಬು ಕೈಬಿಟ್ಟ ಮೇಲೂ ಚನಿಯ ಬಿಟ್ಟಿಲ್ಲ. ಡ್ಯೂಟಿಗೆ ಮೊದಲೇ ಬಂದು ಚೆಂಡು ಎಸೆದು ಕೊಡುತ್ತಾರೆ, ಉಸಿರು ಕಟ್ಟಿದಾಗ "ಬಲ್ಪು, ಅರ್ಕಣ್ಣಾ, ಬಲ್ಪು!" ಎಂದು ಕೂಗುತ್ತಾರೆ. ತುಳುವಿನಲ್ಲಿ ಹಾಗೆಂದರೆ ಓಡು. ಉರಾಲಿನ ಮನುಷ್ಯನಿಗೆ ಈಗ ಆ ಮಾತು ಚೆನ್ನಾಗಿ ತಿಳಿಯುತ್ತದೆ.

ಪೆಸ್ತೊವ್ ಆಡುವುದು ಹಿಂದೆ, ತಮ್ಮ ಗೋಲಿನ ಮುಂದೆ. ಎದುರಾಳಿಯನ್ನು ತಡೆಯುವುದೇ ಕೆಲಸ. ಗೋಲು ಹೊಡೆದವನನ್ನು ಹೆಗಲ ಮೇಲೆ ಹೊರುತ್ತಾರೆ, ಗೋಲು ಆಗದ ಹಾಗೆ ನೋಡಿಕೊಂಡವನನ್ನು ಯಾರು ಹೊರುತ್ತಾರೆ? ನೀರು ಬರುವಾಗ ಪಂಪಿನವನ ನೆನಪು ಯಾರಿಗೂ ಆಗುವುದಿಲ್ಲ, ನಿಂತ ದಿನ ಮಾತ್ರ ಎಲ್ಲರೂ ಅವನನ್ನು ಹುಡುಕುತ್ತಾರೆ. ಇವರದೂ ಅದೇ ಪಾಡು.

ಅವರ ಅಪ್ಪ ಗಂಬೂಟು ಮಾಡುವ ಕಾರ್ಖಾನೆಯಲ್ಲಿ ರಬ್ಬರು ಬೇಯಿಸುತ್ತಿದ್ದರಂತೆ. ಕಾರ್ಖಾನೆಗೆ ಒಂದು ಮೈದಾನ, ಒಂದು ತಂಡ, ಮಕ್ಕಳಿಗೆ ಒಂದು ಕ್ರೀಡಾಶಾಲೆ. ಮೈದಾನಕ್ಕೆ ಹುಲ್ಲಿರಲಿಲ್ಲ, ಕುಲುಮೆಯ ಕಿಟ್ಟ ಹರಡಿದ್ದರು. ಬಿದ್ದರೆ ಮೊಣಕಾಲಿನೊಳಗೆ ಕರಿ ಹರಳು. ಅವು ಈಗಲೂ ಚರ್ಮದ ಕೆಳಗೆ ಕಾಣುತ್ತವೆ, ತೋರಿಸುತ್ತಾರೆ. ಶಾಲೆಯ ಮುದಿ ಕೋಚ್‌ನದು ಒಂದೇ ಕಟ್ಟಳೆ: ತನ್ನ ಬೂಟು ತಾನು ತೊಳೆಯದವನಿಗೆ ಚೆಂಡಿಲ್ಲ. ಒದ್ದೆ ಬೂಟನ್ನು ಬೆಂಕಿಯ ಹತ್ತಿರ ಇಡುವಂತಿಲ್ಲ, ಚರ್ಮ ಸೀಳುತ್ತದೆ. ಹಳೆ ಪೇಪರ್ ಉಂಡೆ ಮಾಡಿ ಒಳಗೆ ತುರುಕಿ ಇಡಬೇಕು, ಬೆಳಗಾಗುವುದರೊಳಗೆ ನೀರೆಲ್ಲ ಹೀರಿರುತ್ತದೆ.

ಹದಿನೇಳಕ್ಕೆ ಕಾರ್ಖಾನೆಯ ತಂಡ ಸೇರಿದರು. ಇಪ್ಪತ್ತಕ್ಕೆ ದೇಶವೇ ಒಡೆಯಿತು, ಕಾರ್ಖಾನೆ ಮುಚ್ಚಿತು, ತಂಡವೂ ಹೋಯಿತು. ಅಲ್ಲಿಂದಾಚೆ ಊರಿಂದೂರಿಗೆ ಅಲೆದಾಟ. ಮೇಲಿನ ದರ್ಜೆಯಲ್ಲಿ ಆಡಿದ್ದು ಒಂದೇ ಹಂಗಾಮು. ಅದರ ಮೊದಲ ಪಂದ್ಯದಲ್ಲೇ ಎದುರಾಳಿಯ ಚೆಂಡನ್ನು ತಡೆಯಲು ಹಾರಿ ತಮ್ಮದೇ ಗೋಲಿಗೆ ತಳ್ಳಿಬಿಟ್ಟರು. ಟಿವಿಯವರು ಅದನ್ನು ವಾರವಿಡೀ ತೋರಿಸಿದರು. ಈಗಲೂ ಅವರ ಊರಿನಲ್ಲಿ ಪೆಸ್ತೊವ್ ಎಂದರೆ ಜನರಿಗೆ ಅದೇ ನೆನಪು.

ಕೇಳಲೋ ಬೇಡವೋ ಎಂದು ಅನುಮಾನಿಸುತ್ತಲೇ ಆ ಪ್ರಸಂಗ ಎತ್ತಿದೆ. ಅವರಿಗೆ ಸಂಕೋಚವೇ ಇಲ್ಲ.

"ಹೌದು, ನನ್ನ ಕಾಲೇ" ಎಂದರು. "ಆ ಚೆಂಡಿನ ಹತ್ತಿರ ಹೋದವನು ನಾನೊಬ್ಬನೇ. ಉಳಿದವರು ನಿಂತು ನೋಡಿದರು. ಹೋಗದವರ ಹೆಸರು ಯಾರೂ ಬರೆಯಲಿಲ್ಲ. ನಾಳೆ ಅದೇ ಚೆಂಡು ಬರಲಿ, ನಾನು ಮತ್ತೆ ಹೋಗ್ತೇನೆ."

ಕತಾರಿಗೆ ಬಂದದ್ದು ಎರಡು ಸಾವಿರದ ನಾಲ್ಕರಲ್ಲಿ, ಹಳೆಯ ಕೋಚೊಬ್ಬರ ಕೈಹಿಡಿದು. ಇಲ್ಲಿಯೂ ಪಂದ್ಯಕ್ಕೆ ಬರುವ ಜನ ಬೆರಳೆಣಿಕೆ. ಆದರೆ ಬಂದ ಮೊದಲ ದಿನವೇ ಒಂದು ಜಗಳವಾಯಿತು, ಚನಿಯ ಅವರ ಜೊತೆ.

"ನಾನು ಎಲ್ಲರ ಬೂಟು ಕಲೆಕ್ಟ್ ಮಾಡ್ತಾ ಬಂದೆ. ಇವ್ರು ಕೊಡ್ಲೇ ಇಲ್ಲ" ಎಂದು ಚನಿಯ ನೆನೆಯುತ್ತಾರೆ. "ಕೈಯಿಂದ ಎಳ್ದುಕೊಂಡ್ರು. ನನಗೆ ಪಿತ್ತ ನೆತ್ತಿಗೇರಿತು. ಇದು ನನ್ನ ಡ್ಯೂಟಿ ಮಾರಾಯ್ರೆ, ನಾಳೆ ಮ್ಯಾನೇಜರ್ ಬಂದು ಒಬ್ಬನದ್ದು ಯಾಕೆ ತೊಳೆದಿಲ್ಲ ಅಂತ ಕೇಳಿದ್ರೆ ನಾನು ಎಂತ ಹೇಳುದು? ಒಂದು ವಾರ ಮಾತಿಲ್ಲ ಕಥೆಯಿಲ್ಲ."

ಪೆಸ್ತೊವ್ ಅವರ ವಾದವೂ ಗಟ್ಟಿಯಾದದ್ದೇ. "ಅಂಗಿ ತಗೋ, ಚಡ್ಡಿ ತಗೋ, ಬೂಟು ಮಾಫಿ. ನನ್ನ ಬೂಟು ಬೇರೆಯವರು ತೊಳೆದ ದಿನ ನಾನು ಮುದುಕ." ಗಲ್ಫಿನ ಅರಬಿಯಲ್ಲಿ ಮಾಫಿ ಎಂದರೆ ಇಲ್ಲ.

ರಾಜಿಯಾದದ್ದು ಕನ್ನಡ ಪೇಪರಿನಿಂದ. ಇಲ್ಲಿನ ಪತ್ರಿಕೆಗಳ ಕಾಗದ ನುಣುಪು, ನೀರು ಹೀರುವುದಿಲ್ಲ ಎಂದು ಅರ್ಕಣ್ಣ ಗೊಣಗುತ್ತಿದ್ದರಂತೆ. ಊರಿಂದ ಬಂದವರು ಹಪ್ಪಳ, ಕೋರಿರೊಟ್ಟಿ ಸುತ್ತಿ ತಂದ ಕನ್ನಡ ಪೇಪರುಗಳು ಚನಿಯ ಅವರ ಕೋಣೆಯಲ್ಲಿ ರಾಶಿ ಬಿದ್ದಿದ್ದವು. ಒಂದು ಕಟ್ಟು ತಂದು ಬೆಂಚಿನ ಮೇಲಿಟ್ಟರು. ಮರುದಿನ ಪೆಸ್ತೊವ್ ಬಂದು ಚನಿಯ ಅವರ ಕೈಕುಲುಕಿ "ನಂಬರ್ ಒನ್ ಪೇಪರ್" ಎಂದರು. ನಾನು ಬರೆದ ಎಷ್ಟೋ ಲೇಖನಗಳು ಹೀಗೆ ನಾಲ್ಕು ವರ್ಷ ಒಬ್ಬ ರಷ್ಯನ್ನನ ಬೂಟಿನೊಳಗೆ ಹೊಕ್ಕು ನೀರು ಹೀರಿವೆ. ಈ ಪುರವಣಿಗೆ ಬರೆಯುವವರಲ್ಲಿ ಇಷ್ಟು ಉಪಯೋಗಕ್ಕೆ ಬಂದವರು ಇನ್ನಾರಿದ್ದಾರೋ ತಿಳಿಯದು.

ಈಗ ಚಿನ್ನದ ಬಣ್ಣದ ವಿಷಯ.

ಕ್ಲಬ್ಬಿಗೆ ಇಂತಿಷ್ಟೇ ವಿದೇಶಿ ಆಟಗಾರರು ಎಂಬ ಮಿತಿಯಿದೆ. ಜನವರಿಯಲ್ಲಿ ಹೊಸದಾಗಿ ಗೋಲು ಹೊಡೆಯುವ ಒಬ್ಬ ಎಳೆಯ ಫಾರ್ವರ್ಡ್ ಆಟಗಾರನನ್ನು ತರಿಸುವುದೆಂದು ಮ್ಯಾನೇಜರ್ ನಿರ್ಧರಿಸಿದರು. ಒಬ್ಬ ಬರಬೇಕಾದರೆ ಒಬ್ಬ ಹೋಗಬೇಕು. ಪೆಸ್ತೊವ್ ಅವರನ್ನು ಕರೆದು, ಗೌರವದಿಂದ ನಿವೃತ್ತರಾಗಿ, ಮಕ್ಕಳಿಗೆ ಕೋಚ್ ಮಾಡುತ್ತೇವೆ ಎಂದರು. ಇವರು "ಯೋಚಿಸ್ತೇನೆ" ಎಂದೂ ಹೇಳಲಿಲ್ಲ, ನೇರವಾಗಿ "ನೋ" ಎಂದರು. ಆದರೆ ಮ್ಯಾನೇಜರ್ ಹೊರಗೆ ಬಂದು ಚನಿಯ ಅವರಿಗೆ ಹೇಳಿದ್ದು ಮೊದಲಿನ ಅರ್ಧವನ್ನು ಮಾತ್ರ. ಅರ್ಕಣ್ಣ ರಿಟೈರ್ ಆಗುತ್ತಾರೆ ಎಂಬ ಸುದ್ದಿ ಆ ವಾರವೇ ದೋಹಾದ ಕರಾವಳಿ ಬಳಗವನ್ನು ಮುಟ್ಟಿತು.

ಬಳಗದ ಅಧ್ಯಕ್ಷ ತಾರಾನಾಥ ಅವರು ವೆಸ್ಟ್ ಬೇಯ ಗೋಪುರವೊಂದರಲ್ಲಿ ದೊಡ್ಡ ಹುದ್ದೆಯವರು, ಅದಕ್ಕಿಂತ ದೊಡ್ಡ ಮನಸ್ಸಿನವರು. ನಮ್ಮ ಮಕ್ಕಳಿಗೆ ಶುಕ್ರವಾರ ಬಿಟ್ಟಿಯಾಗಿ ಫುಟ್‌ಬಾಲ್ ಹೇಳಿಕೊಟ್ಟ ಮನುಷ್ಯ ಸುಮ್ಮನೆ ಹೋಗುವುದೇ? ಸನ್ಮಾನ ಮಾಡಲೇಬೇಕು! ನಾವು ಗೊತ್ತಲ್ಲ. ಎರಡು ಮನೆ ಇದ್ದರೆ ಸಂಘ, ಮೂರು ಮನೆ ಇದ್ದರೆ ವಾರ್ಷಿಕೋತ್ಸವ. ಕೈಲಾಗುವಾಗ ಕಣ್ಣೆತ್ತಿಯೂ ನೋಡದೆ, ಕೈಲಾಗದು ಎಂದು ಖಾತ್ರಿಯಾದ ಮೇಲೆ ಶಾಲು ಹೊದಿಸುವುದರಲ್ಲಿ ನಮ್ಮನ್ನು ಮೀರಿಸಿದವರಿಲ್ಲ. ನಮ್ಮ ಸನ್ಮಾನಕ್ಕೂ ಶ್ರಾದ್ಧಕ್ಕೂ ಇರುವ ವ್ಯತ್ಯಾಸ ಇಷ್ಟೇ, ಸನ್ಮಾನದಲ್ಲಿ ಆ ಮನುಷ್ಯನೂ ಊಟಕ್ಕೆ ಕೂರುತ್ತಾನೆ.

ಸ್ಮರಣಿಕೆ ಬೇರೆ ಥರ ಇರಲಿ ಎಂದು ತಾರಾನಾಥ ಅವರಿಗೆ ಆಸೆ. ಅರ್ಕಣ್ಣನ ಹಳೇ ಬೂಟು ಒಂದು ಜೊತೆ ತನ್ನಿ ಎಂದು ಚನಿಯ ಅವರಿಗೆ ಗುಟ್ಟಾಗಿ ಹೇಳಿದರು. ಪೆಸ್ತೊವ್ ಅವರ ಎಡಗಾಲಿನ ಬೆರಳುಗಳು ಮುರಿದು ಸೊಟ್ಟಗೆ ಕೂಡಿರುವುದರಿಂದ ಹೊಸ ಬೂಟು ಅವರಿಗೆ ಒಗ್ಗುವುದಿಲ್ಲ. ದೋಹಾದ ಮುಶೈರಿಬ್‌ನ ಒಬ್ಬ ಚಮ್ಮಾರನಿಂದ ಹೊಲಿಸಿ, ತೇಪೆ ಹಾಕಿಸಿ, ಅಟ್ಟೆ ಬದಲಿಸಿ ಅದೇ ಬೂಟು ಹಾಕುತ್ತಾರೆ. ಬೆಂಚಿನ ಕೆಳಗೆ ಎರಡು ಜೊತೆಯಿದ್ದವು. ಹೆಚ್ಚು ಹಳತಾಗಿ ಕಂಡದ್ದನ್ನು ಚನಿಯ ಎತ್ತಿಕೊಂಡು ಹೋದರು.

ಶುಕ್ರವಾರ ಸಂಜೆ ಮುಶೈರಿಬ್‌ನ ಹೋಟೆಲೊಂದರ ಮಾಳಿಗೆಯಲ್ಲಿ ಕಾರ್ಯಕ್ರಮ. ನಾನೂ ಇದ್ದೆ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ಅತಿಥಿಗಳ ನಾಲ್ಕು ನುಡಿಯೆಂಬ ನಾಲ್ಕು ನೂರು ನುಡಿ ಎಲ್ಲ ಆಯಿತು. ಪೆಸ್ತೊವ್ ಮಕ್ಕಳ ಕಾರ್ಯಕ್ರಮವೆಂದು ತಿಳಿದು ಬಂದು ಕೂತಿದ್ದರು. ಶಾಲು ಬಂತು, ಹಣ್ಣಿನ ಬುಟ್ಟಿ ಬಂತು, ತಲೆಯ ಮೇಲೆ ಮೈಸೂರು ಪೇಟ ಕೂತಿತು. ನಗುತ್ತಲೇ ಇದ್ದರು. ಆಮೇಲೆ ತಾರಾನಾಥ ಅವರು ಸ್ಮರಣಿಕೆಯ ಮೇಲಿನ ಬಟ್ಟೆ ಸರಿಸಿದರು.

ಒಂದು ಬೀಟೆ ಹಲಗೆ. ಅದರ ಮೇಲೆ ಚಿನ್ನದ ಬಣ್ಣ ಬಳಿದ ಎರಡು ಬೂಟುಗಳು, ಅಟ್ಟೆಯ ಮೂಲಕ ಮೊಳೆ ಹೊಡೆದು ಕೂರಿಸಿದ್ದು. ಕೆಳಗೆ ಹಿತ್ತಾಳೆ ತಗಡಿನಲ್ಲಿ ಅವರ ಹೆಸರು, ಹೆಸರಿನ ಕೆಳಗೆ 1989–2008.

ಪೆಸ್ತೊವ್ ಬಗ್ಗಿ ನೋಡಿದರು. ಎಡ ಬೂಟಿನ ಪಕ್ಕದ ತೇಪೆಯನ್ನು ಬೆರಳಿನಿಂದ ಮುಟ್ಟಿದರು. ಮುಖ ಕೆಂಪಾಯಿತು.

"ಇದು ನಾಳೆಯ ಬೂಟು" ಎಂದರು. ಮರುದಿನ ಶನಿವಾರ ಪಂದ್ಯವಿತ್ತು.

"ಅಯ್ಯೋ, ಇದು ಓಲ್ಡ್ ಪೇರ್ ಅಲ್ವಾ ಸರ್?" ಎಂದು ತಾರಾನಾಥ ಅವರು ಮೈಕಿನಲ್ಲೇ ಕೇಳಿಬಿಟ್ಟರು. ಹಿಂದಿನ ಸಾಲಿನವರು ಏನೋ ತಮಾಷೆ ನಡೆಯುತ್ತಿದೆಯೆಂದು ಚಪ್ಪಾಳೆ ತಟ್ಟಿದರು.

ಪೆಸ್ತೊವ್ ತಗಡಿನ ಮೇಲಿನ ಎರಡನೇ ಇಸವಿಗೆ ಬೆರಳಿಟ್ಟು, "ಇದನ್ನು ಬರೆಯಲು ನಿಮಗೆ ಯಾರು ಹೇಳಿದರು? ನಾನು ಹೇಳಿದೆನಾ?" ಎಂದು ಗುಡುಗಿದರು. ಚಪ್ಪಾಳೆ ನಿಂತಿತು. ಅಡುಗೆಯವರಿಂದ ಇಕ್ಕಳ ತರಿಸಿಕೊಂಡು, ಪೇಟ ಶಾಲು ಸಮೇತ ವೇದಿಕೆಯ ನೆಲದ ಮೇಲೆ ಕೂತು, ಒಂದೊಂದೇ ಮೊಳೆ ಕೀಳತೊಡಗಿದರು. ವಂದನಾರ್ಪಣೆ ಮಾಡಬೇಕಾದವರು ಚೀಟಿ ಹಿಡಿದು ನಿಂತೇ ಇದ್ದರು. ಆ ಫೋಟೊ ನನ್ನ ಬಳಿ ಇದೆ. ದಯವಿಟ್ಟು ಹಾಕಬೇಡಿ ಎಂದು ತಾರಾನಾಥ ಅವರು ಕೈಮುಗಿದಿದ್ದಾರೆ.

ಒಂದು ಮಾತು ಹೇಳಲೇಬೇಕು. ಸಿಟ್ಟಿನಲ್ಲಿಯೂ ಅವರು ಊಟ ಬಿಡಲಿಲ್ಲ. ಕೋರಿರೊಟ್ಟಿ ಎರಡು ಸಲ ಹಾಕಿಸಿಕೊಂಡರು. ಬೂಟು ತೊಡೆಯ ಮೇಲೇ ಇತ್ತು.

ಊಟ ಮಾಡಲಾಗದವರು ಚನಿಯ. "ನನ್ನ ಜೀವ ಹೋದ ಹಾಗಾಯ್ತು" ಎನ್ನುವಾಗ ಈಗಲೂ ಅವರ ಕಣ್ಣು ತುಂಬುತ್ತದೆ. "ನಾಲ್ಕು ವರ್ಷ ಮುಟ್ಲಿಕ್ಕೆ ಬಿಡದ ಬೂಟು. ನಾನೇ ಎತ್ತಿಕೊಂಡು ಹೋಗಿ ಮೊಳೆ ಹೊಡೆಸಿದೆ. ರಿಟೈರ್ ಆಗುದಾ ಅಂತ ಒಂದು ಮಾತು ಅವ್ರನ್ನು ಕೇಳ್ಬೇಕಿತ್ತು. ಕೇಳ್ಲಿಲ್ಲ. ಕಾಲು ಹಿಡಿತೇನೆ ಅಂತ ಹೋದೆ. ಏನು ಹೇಳಿದ್ರು ಗೊತ್ತುಂಟಾ? ಕಾಲು ಬೇಡ, ಪೇಪರ್ ತಾ ಅಂದ್ರು."

ಶನಿವಾರ ಸಂಜೆ ಮೂವತ್ತಾರರ ಮುದುಕ ಚಿನ್ನದ ಬೂಟು ತೊಟ್ಟು ಮೈದಾನಕ್ಕಿಳಿದರು. ಇನ್ನೊಂದು ಜೊತೆ ಹಾಕಬಹುದಿತ್ತು, ಹಾಕಲಿಲ್ಲ. ರೆಫರಿ ಬೂಟು ಎತ್ತಿಸಿ ಅಟ್ಟೆ ತಡಕಿ ನೋಡಿದರು. ಮೊಳೆ ಉಳಿದಿರಲಿಲ್ಲ, ಬಣ್ಣಕ್ಕೆ ನಿಯಮವಿಲ್ಲ. ಎದುರು ತಂಡದ ಎಳೆಯ ಫಾರ್ವರ್ಡ್ ಬಂದು ಆಸೆಯಿಂದ "ಯಾವ ಕಂಪನಿಯದು?" ಎಂದು ಕೇಳಿದನಂತೆ. ಪೆಸ್ತೊವ್ "ಮಂಗಳೂರು" ಎಂದರಂತೆ. ಆ ಫಾರ್ವರ್ಡ್ ಇಡೀ ಪಂದ್ಯದಲ್ಲಿ ಮಂಗಳೂರನ್ನು ದಾಟಿ ಹೋಗಲು ನೋಡಿದ, ಆಗಲಿಲ್ಲ. ಕೊನೆಗೆ ಗೋಲ್‌ಕೀಪರೂ ಬಿದ್ದು ಖಾಲಿಯಾಗಿದ್ದ ಗೋಲಿನ ಗೆರೆಯ ಮೇಲೆ ಒಂದು ಚೆಂಡನ್ನು ಇವರು ಉದ್ದಕ್ಕೆ ಚಾಚಿದ ಎಡಗಾಲಿನಿಂದ ಹೊರಹಾಕಿದರು. ಹಿಂದೊಮ್ಮೆ ತಮ್ಮದೇ ಗೋಲಿಗೆ ತಳ್ಳಿದ್ದು ಇಂಥದ್ದೇ ಚೆಂಡನ್ನು. ಪಂದ್ಯ ಗೋಲಿಲ್ಲದೆ ಮುಗಿಯಿತು. ನಾನು ಗಂಟಲು ಕಟ್ಟುವಷ್ಟು ಕೂಗಿದ್ದೆ.

ಅದರಿಂದ ಏನೂ ಬದಲಾಗಲಿಲ್ಲ. ಹೊಸ ಫಾರ್ವರ್ಡ್ ವಿಮಾನ ಇಳಿದಾಗಿತ್ತು. ಪೆಸ್ತೊವ್ ಅವರನ್ನು ಕ್ಲಬ್ಬು ಕೈಬಿಟ್ಟಿತು. ಮಕ್ಕಳ ಕೋಚ್ ಹುದ್ದೆಯನ್ನು ಮ್ಯಾನೇಜರ್ ಮತ್ತೊಮ್ಮೆ ಮುಂದಿಟ್ಟರು, ನನಗೂ ಅದು ಒಳ್ಳೆಯದೆನಿಸಿತು, ಹಾಗೆಂದು ಅವರಿಗೆ ಹೇಳಿಯೂ ನೋಡಿದೆ.

"ಮಕ್ಕಳು ಕೇಳ್ತಾರೆ, ನೀನು ಯಾಕೆ ಆಡಲ್ಲ ಅಂತ" ಎಂದರು ಅವರು. "ಕಾಲು ಸೋತಿತು ಅಂದರೆ ಅದು ಉತ್ತರ. ಮ್ಯಾನೇಜರ್ ಬೇಡ ಅಂದ, ಅದಕ್ಕೆ ನಿಲ್ಲಿಸಿದೆ ಅಂತ ಮಕ್ಕಳಿಗೆ ಹೇಗೆ ಹೇಳಲಿ? ಕಾಲು ಸೋಲಲಿ, ನಾನೇ ಬರ್ತೇನೆ. ಆಗ ನೀವು ಶಾಲು ತನ್ನಿ. ಪೇಟ ಬೇಡ, ಪೇಟ ನನ್ನ ಹತ್ತಿರ ಇದೆ."

ಮಂಜು ಎದ್ದಿದೆ. ಕೆಲಸಗಾರರನ್ನು ತುಂಬಿಕೊಂಡ ಬಸ್ಸುಗಳು ದೋಹಾದ ಕಡೆ ಸಾಲುಗಟ್ಟಿ ಹೋಗುತ್ತಿವೆ. ಬೆಂಚಿನ ಮೇಲಿಟ್ಟ ಫೋನು ಹೊಡೆದುಕೊಳ್ಳುತ್ತದೆ. ಚನಿಯ ಅವರ ಕೈಯಿಂದ ಚೆಂಡು ಜಾರುತ್ತದೆ. ಪೆಸ್ತೊವ್ ಓಡಿಬಂದು ಫೋನೆತ್ತಿ ದೂರ ಹೋಗಿ ನಿಲ್ಲುತ್ತಾರೆ. ಮಾತು ಉದ್ದವಿಲ್ಲ. ನಾವಿಬ್ಬರೂ ಅವರ ಬೆನ್ನನ್ನೇ ನೋಡುತ್ತೇವೆ.

ತಿರುಗಿ ಬಂದು ಹೇಳುತ್ತಾರೆ: "ಬಾ ಅಂದರು. ಮಾತು ಕೊಡುವುದಿಲ್ಲ ಅಂದರು. ಮುದುಕ ಆಗಿದ್ದೀಯ, ಬಂದು ಆಡಿ ತೋರಿಸು, ಆಮೇಲೆ ನೋಡೋಣ ಅಂದರು."

"ನೀವು ಎಂತ ಹೇಳಿದ್ರಿ ಅರ್ಕಣ್ಣ?"

"ಒಳ್ಳೆಯ ಫಾರ್ವರ್ಡ್ ಒಬ್ಬನನ್ನು ತಯಾರು ಇಟ್ಟುಕೊಳ್ಳಿ, ಅವನು ನನ್ನನ್ನು ದಾಟಲಿ ಅಂದೆ."

ಚನಿಯ ನಗಲು ಹೋಗಿ ಅತ್ತುಬಿಡುತ್ತಾರೆ. ಆಮೇಲೆ ಮೂಗೊರೆಸಿಕೊಂಡು, ಇವತ್ತು ಒಂದು ದಿನ ಬೂಟು ನಾನು ತೊಳೆದು ಕೊಡುತ್ತೇನೆ, ಹೋಗುವವರಲ್ವಾ ಎಂದು ಕೈ ಚಾಚುತ್ತಾರೆ. ಪೆಸ್ತೊವ್ ಬೂಟು ಕಳಚಿ ಬೆನ್ನ ಹಿಂದೆ ಮರೆಮಾಡುತ್ತಾರೆ.

"ಮಾಫಿ" ಎನ್ನುತ್ತಾರೆ. ಆಮೇಲೆ ಬಲ ಬೂಟು ತಿರುಗಿಸಿ ಅಟ್ಟೆ ತೋರಿಸುತ್ತಾರೆ. ಮೊಳೆ ಕಿತ್ತ ಜಾಗಗಳಲ್ಲಿ ಆಚೆಯ ಬೆಳಕು ಕಾಣುತ್ತದೆ. ಚಮ್ಮಾರನ ಬಳಿ ಮುಚ್ಚಿಸಲಿಲ್ಲವೇ ಎಂದು ಕೇಳುತ್ತೇನೆ. ಮುಚ್ಚಿಸಿದ್ದಾರಂತೆ, ಓಡಿ ಓಡಿ ಮತ್ತೆ ಬಿಟ್ಟುಕೊಂಡಿದೆಯಂತೆ.

ನಾನು ಹೊರಡಲು ಏಳುತ್ತೇನೆ. ಇದು ಯಾವಾಗ ಅಚ್ಚಾಗುತ್ತದೆ ಎಂದು ಅವರು ಕೇಳುತ್ತಾರೆ. ಭಾನುವಾರದ ಪುರವಣಿಯಲ್ಲಿ ಎನ್ನುತ್ತೇನೆ.

"ಎರಡು ಪ್ರತಿ ಕಳಿಸಿ" ಎನ್ನುತ್ತಾರೆ.

ಹಿಗ್ಗಿ ಹೋಗುತ್ತೇನೆ. ಒಂದು ನಿಮಗೆ, ಇನ್ನೊಂದು ಊರಿನವರಿಗೆ ತೋರಿಸಲಿಕ್ಕಾ ಎಂದು ಕೇಳುತ್ತೇನೆ.

ಪೆಸ್ತೊವ್ ನನ್ನನ್ನು ಮಕ್ಕಳನ್ನು ನೋಡುವ ಹಾಗೆ ನೋಡುತ್ತಾರೆ. "ಒಂದು ಎಡಕ್ಕೆ, ಒಂದು ಬಲಕ್ಕೆ" ಎನ್ನುತ್ತಾರೆ. "ಅಲ್ಲಿ ಇನ್ನೂ ಹಿಮ ಇದೆ. ಬೂಟು ಬಹಳ ಒದ್ದೆಯಾಗುತ್ತದೆ."